ಮೀಸೆಗೊಂದು ಬೇರೆ ಎಲೆ

ಮೊನ್ನೆ ಮಣಿಕೊಂಡದ ತಿರುವಿನಲ್ಲಿ ನನ್ನ ಆಟೋ ನಿಂತುಬಿಟ್ಟಿತು. ಎದುರಿಗೆ ಹೊಸ ಅಪಾರ್ಟ್‌ಮೆಂಟಿನ ಜಾಹೀರಾತು, ಒಂದು ಮನೆಯಷ್ಟು ಎತ್ತರದ್ದು. ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಕುಳಿತ ಗಂಡ ಹೆಂಡತಿ, ಅವರ ಕಾಲ ಬುಡದಲ್ಲೇ ನೀಲಿ ಸರೋವರ, ಸರೋವರದಲ್ಲಿ ಜೋಡಿ ಹಂಸ. ಸ್ವರ್ಗವೇ ನಿಮ್ಮ ಕಿಟಕಿಗೆ ಇಳಿದು ಬಂದಿದೆ ಎಂದು ತೆಲುಗಿನಲ್ಲಿ ದೊಡ್ಡದಾಗಿ ಬರೆದಿದ್ದರು. ಫಲಕದ ಹಿಂದೆ ಬಂಡೆ ಒಡೆಯುವ ಯಂತ್ರ, ಕೆಂಪು ಧೂಳು, ನೀರಿನ ಟ್ಯಾಂಕರಿಗೆ ಕಾಯುತ್ತ ಕೊಡ ಹಿಡಿದು ನಿಂತ ನಮ್ಮ ರಾಯಚೂರು ಕಡೆಯ ಕೂಲಿ ಹೆಂಗಸರು.

"ಅತಿಶಯೋಕ್ತಿ," ಎಂದೆ ನಾನು, ಸ್ವಲ್ಪ ಗಟ್ಟಿಯಾಗಿಯೇ.

ಆಟೋದವನು ತಿರುಗಿ ನೋಡಿದ. "ಕ್ಯಾ ಬೋಲೆ ಅಮ್ಮಾ? ಲೆಫ್ಟ್ ಲೇನಾ?"

ಇದು ನನ್ನ ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಅಲಂಕಾರ. ಕೊರಳಿಗೆ ಹಾಕಿಕೊಳ್ಳುವುದಲ್ಲ, ಪದ್ಯದಲ್ಲಿ ಹುಡುಕುವುದು. ಈ ಹೈದರಾಬಾದಿನ ಒಂದು ಕನ್ನಡ ಶಾಲೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ಕನ್ನಡ ಕಲಿಸಿದೆ. ಕೆಳಗಿನ ಪದ್ಯದಲ್ಲಿರುವ ಅಲಂಕಾರವನ್ನು ಗುರುತಿಸಿ ಲಕ್ಷಣ ಬರೆಯಿರಿ, ಕವಿತೆಯ ಮುಖ್ಯ ಭಾವವನ್ನು ತಿಳಿಸಿರಿ ಎಂಬ ಪ್ರಶ್ನೆಗಳನ್ನು ಕೇಳಿ ಕೇಳಿ, ಈಗ ಯಾರೂ ಕೇಳದಿದ್ದರೂ ಉತ್ತರ ನನ್ನ ಬಾಯಿಂದ ತಾನಾಗಿ ಬರುತ್ತದೆ. ನಿವೃತ್ತಿ ವೇತನದ ಜೊತೆಗೆ ಇಲಾಖೆಯವರು ಇದನ್ನೂ ಕಟ್ಟಿ ಕಳಿಸಿದ್ದಾರೆ. ಸತ್ಯನಾರಾಯಣ ಪೂಜೆಯ ಆರತಿ ಹಾಡಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಿದ್ದರೆ, ನಾನು ಪ್ರಾಸ ಎಲ್ಲಿ ತಪ್ಪಿತು ಎಂದು ಒಂದು ಕಣ್ಣು ತೆರೆದಿರುತ್ತೇನೆ. ದೇವರು ಇದನ್ನು ನೋಡಿಯೂ ಸುಮ್ಮನಿದ್ದಾನೆ, ಅವನ ಉಪಕಾರ.

ಚಟ ಹತ್ತಿಸಿದವರು ಕುಷ್ಟಗಿಯ ಗುರಪ್ಪ ಮಾಸ್ತರರು. ಉಪಮಾಲಂಕಾರಕ್ಕೆ ಮಂಚದ ಹಾಗೆ ನಾಲ್ಕು ಕಾಲು ಎಂದು ಅವರು ಹೇಳುತ್ತಿದ್ದರು. ಉಪಮೇಯ ಎಂದರೆ ಯಾವುದನ್ನು ಹೋಲಿಸುತ್ತೇವೋ ಅದು. ಉಪಮಾನ ಎಂದರೆ ಯಾವುದಕ್ಕೆ ಹೋಲಿಸುತ್ತೇವೋ ಅದು. ಅಂತೆ, ಹಾಗೆ ಎನ್ನುವುದು ವಾಚಕ. ಎರಡರಲ್ಲೂ ಇರುವ ಗುಣ ಸಮಾನಧರ್ಮ. 'ಮುಖವು ಕಮಲದಂತೆ ಅರಳಿತು' ಎಂಬುದು ಅವರ ಕಾಯಂ ಉದಾಹರಣೆ. ನಮ್ಮ ಕುಷ್ಟಗಿಯಲ್ಲಿ ಆಗ ಕಮಲ ಕಂಡವರು ಯಾರೂ ಇರಲಿಲ್ಲ. ಜಾಲಿಮರ ಕೇಳಿ, ತೋರಿಸುತ್ತೇವೆ. ಮುಖಗಳೇನೋ ಬೇಕಾದಷ್ಟಿದ್ದವು. ಹೀಗಾಗಿ ಕಮಲ ಎಂದರೆ ಮುಖದಂತಿರುವ ಯಾವುದೋ ಹೂವು ಎಂದು ನಾವು ಉಲ್ಟಾ ತಿಳಿದುಕೊಂಡಿದ್ದೆವು. ಮುಂದೆ ನಿಜವಾದ ಕಮಲ ಕಂಡಾಗ ನನಗೆ ನಿರಾಸೆಯಾಯಿತು, ಅದಕ್ಕೆ ಮೂಗೇ ಇರಲಿಲ್ಲ.

ಪಾಠ ಕಲಿತ ಹೊಸದರಲ್ಲಿ ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಮಲಗಿದ್ದೆ. ಅಪ್ಪನ ಅಕ್ಕ ನೀಲಮ್ಮತ್ತೆ ಬಂದಳು. ಅವಳನ್ನು ನಮ್ಮ ಓಣಿಯಲ್ಲೇ ಕೊಟ್ಟಿದ್ದರು, ಹೀಗಾಗಿ ನಮ್ಮನ್ನು ಬೈಯಲು ಅವಳು ದೂರದಿಂದ ಬರಬೇಕಾಗಿರಲಿಲ್ಲ.

"ಏನ ಸುಮಿ, ಎಮ್ಮಿಯಂಗ ಬಿದ್ದಕೊಂಡೀಯಲ್ಲ? ಏಳ ಮ್ಯಾಲ," ಎಂದಳು.

ನಾನು ಮಲಗಿದಲ್ಲಿಂದಲೇ ಒಪ್ಪಿಸಿದೆ. "ಉಪಮೇಯ ನಾನು. ಉಪಮಾನ ಎಮ್ಮಿ. ಅಂಗ ಅನ್ನೂದು ವಾಚಕ. ಬಿದ್ದಕೊಳ್ಳೂದು ಸಮಾನಧರ್ಮ. ಆದ್ದರಿಂದ ಇದು ಉಪಮಾಲಂಕಾರ ಅತ್ತಿ."

ಬೆನ್ನ ಮೇಲೆ ಒಂದು ಬಿತ್ತು. "ಇದಕ್ಕೇನಂತಾರಂತ ನಿಮ್ಮ ಮಾಸ್ತರನ್ನ ಕೇಳಕೊಂಡು ಬಾ," ಎಂದಳು ನೀಲಮ್ಮತ್ತೆ. ನಾನು ಕೇಳಲಿಲ್ಲ. ಮಾಸ್ತರರ ಕೈಯೂ ಅಷ್ಟೇ ಜೋರಾಗಿತ್ತು.

ನನ್ನ ಕೈಯಲ್ಲಿ ಕಲಿತ ಹುಡುಗರು ನನಗಿಂತ ಬುದ್ಧಿವಂತರು. ಮುಖ್ಯ ಭಾವ ಬರೆಯಿರಿ ಎಂದರೆ ಎಲ್ಲ ಕವಿತೆಗೂ ದೇಶಭಕ್ತಿ ಎಂದು ಬರೆಯುತ್ತಿದ್ದರು. ಒಮ್ಮೆ ಸೊಳ್ಳೆಯ ಮೇಲಿನ ಪದ್ಯ ಕೊಟ್ಟೆ, ಆಗಲೂ ದೇಶಭಕ್ತಿ. ಯಾಕಪ್ಪಾ ಎಂದರೆ, ದೇಶಭಕ್ತಿಗೆ ಯಾವ ಟೀಚರೂ ಸೊನ್ನೆ ಕೊಡುವುದಿಲ್ಲ ಎಂದು ಒಬ್ಬ ಹೇಳಿದ. ಇನ್ನೊಬ್ಬಳು 'ಈ ಪದ್ಯದಲ್ಲಿ ಅಲಂಕಾರ ಇದೆ' ಎಂದಷ್ಟೇ ಬರೆದು ಎರಡು ಗೆರೆ ಎಳೆದು ಮುಗಿಸಿದ್ದಳು. ಸುಳ್ಳೇನಲ್ಲ, ಇತ್ತು. ಅರ್ಧ ಅಂಕ ಕೊಟ್ಟೆ.

ಆದರೆ ವ್ಯಾಜಸ್ತುತಿ ಎಂಬ ಅಲಂಕಾರವಿದೆಯಲ್ಲ, ಮೇಲೆ ಬೈಗುಳ, ಒಳಗೆ ಹೊಗಳಿಕೆ, ಅದನ್ನು ಮಕ್ಕಳ ತಲೆಗೆ ತುಂಬುವುದು ನನ್ನಿಂದಾಗುತ್ತಿರಲಿಲ್ಲ. ಪುಸ್ತಕದ ಉದಾಹರಣೆಗಳಲ್ಲಿ ಬೈಗುಳವೂ ಸಪ್ಪೆ, ಹೊಗಳಿಕೆಯೂ ಸಪ್ಪೆ. ಕೊನೆಗೆ ಒಂದು ದಿನ ಬಾಗಿಲು ಮುಂದೆ ಮಾಡಿ, ನೀಲಮ್ಮತ್ತೆಯ ಒಂದು ಬೀಗರ ಹಾಡನ್ನು ಹಾಡಿಬಿಟ್ಟೆ. ಇಡೀ ತರಗತಿಗೆ ವ್ಯಾಜಸ್ತುತಿ ಒಮ್ಮೆಲೇ ಅರ್ಥವಾಯಿತು. ಪಕ್ಕದ ತರಗತಿಯವರಿಗೂ ಆಯಿತು, ಹೆಡ್‌ಮಾಸ್ತರರಿಗೆ ಮಾತ್ರ ಆಗಲಿಲ್ಲ.

ಬೀಗರ ಹಾಡು ಕೇಳಿಲ್ಲದವರಿಗೆ ಎರಡು ಮಾತು ಹೇಳಬೇಕು. ನಮ್ಮ ಕಡೆ ಮದುವೆಯ ಊಟದ ಹೊತ್ತಿಗೆ ಒಬ್ಬರ ಕಡೆಯ ಹೆಂಗಸರು ಇನ್ನೊಬ್ಬರ ಕಡೆಯವರನ್ನು ಹಾಡಿನಲ್ಲಿ ಬೈಯುತ್ತಾರೆ. ಬೀಗರ ಹೊಟ್ಟೆ, ಬೀಗತಿಯ ಸೀರೆ, ಅವರ ಊರಿನ ನೀರು, ಯಾವುದನ್ನೂ ಬಿಡುವುದಿಲ್ಲ. ಆ ಕಡೆಯವರು ತಿರುಗಿ ಹಾಡಬೇಕು. ನೀಲಮ್ಮತ್ತೆ ಇದರಲ್ಲಿ ಎತ್ತಿದ ಕೈ. ಬೀಗರು ಬಂದಿಳಿದ ಗಳಿಗೆಯಿಂದ ಅವಳು ಮುಗ್ಧ ಮುಖ ಹೊತ್ತು ನೀರು ಕೊಡುತ್ತ, ಚಾಪೆ ಹಾಸುತ್ತ ಸುತ್ತಾಡುವಳು. ಯಾರು ಚಪ್ಪಲಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡು ಕುಳಿತರು, ಯಾರು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು ಎಂದು ಎಲ್ಲ ನೋಡಿಕೊಂಡಿರುವಳು. ಪಂಕ್ತಿ ಕುಳಿತು, ಮೊದಲ ತುತ್ತು ಬಾಯಿಗೆ ಹೋದ ಮೇಲೆ ಕಂಬಕ್ಕೆ ಒರಗಿ ಸೆರಗು ಸಿಕ್ಕಿಸಿ ಶುರು ಮಾಡುವಳು. ಬಾಯಿ ತುಂಬ ಅನ್ನವಿದ್ದವರು ಉತ್ತರ ಕೊಡುವಂತಿಲ್ಲ, ಎಲೆ ಬಿಟ್ಟು ಏಳುವಂತೆಯೂ ಇಲ್ಲ.

"ಯಾಕತ್ತಿ ಹಿಂಗ ಬೈತಿ?" ಎಂದು ಸಣ್ಣವಳಿದ್ದಾಗ ಕೇಳಿದ್ದೆ.

"ಪರಮಂದಿಗೆ ಯಾರರ ಬೈತಾರೇನ? ನಮ್ಮವರಾದ ಮ್ಯಾಲನ ಬೈಯೂದು. ಅವರೂ ಹೊಳ್ಳಿ ಬೈಬೇಕು. ಹಾಡ ಹೊಳ್ಳಿ ಬರಲಿಲ್ಲಂದ್ರ ಬೀಗತನ ಕೂಡಲಿಲ್ಲ ಅಂತ ತಿಳಿ," ಎಂದಿದ್ದಳು. ಹೊಳ್ಳಿ ಎಂದರೆ ಮರಳಿ. ಮಂತ್ರ, ಧಾರೆ, ಅಕ್ಕಿಕಾಳು ಎಲ್ಲ ಪುರೋಹಿತರ ಲೆಕ್ಕಕ್ಕೆ. ಅತ್ತೆಯ ಲೆಕ್ಕದಲ್ಲಿ ಹಾಡು ಮರಳಿ ಬಂದಾಗಲೇ ಮದುವೆ.

ಈಗ ನನ್ನ ಮಗಳ ಮದುವೆಗೆ ಬರುತ್ತೇನೆ. ಮಗಳ ಹೆಸರು ಪಲ್ಲವಿ. ಕನ್ನಡ ಟೀಚರಳ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ ಬಂದ ಹೆಸರು. ಇನ್ನೊಬ್ಬಳು ಹುಟ್ಟಿದ್ದರೆ ಅನುಪಲ್ಲವಿ ಎಂದಿಡುತ್ತಿದ್ದಳು ಎಂದು ನಮ್ಮವರು ಈಗಲೂ ಚೇಷ್ಟೆ ಮಾಡುತ್ತಾರೆ. ಊರೆಲ್ಲ ಕಂಪ್ಯೂಟರು ಕಂಪ್ಯೂಟರು ಎಂದು ಓಡುತ್ತಿದ್ದ ಕಾಲ. ಹಿಮಾಯತ್‌ನಗರದ ನಮ್ಮ ಹಳೇ ಬಾಡಿಗೆ ಮನೆಯ ಓಣಿಗೆ ಬೆಳಗಾದರೆ ಕಂಪನಿಯ ಕ್ಯಾಬು ಬಂದು ಹಾರ್ನು ಬಾರಿಸುವುದು, ಇವಳು ಅರ್ಧ ಚಪಾತಿ ಕೈಯಲ್ಲಿ, ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡು ಕೊಂಡಾಪುರಕ್ಕೆ ಓಡುವುದು. ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಶ್ರೀಕಾಂತ ಎಂಬ ಹುಡುಗ ಕೂರುತ್ತಿದ್ದ. ಗೋದಾವರಿ ಕಡೆಯ ತೆಲುಗರು. ಒಂದೇ ಕ್ಯಾಬು, ಒಂದೇ ಕ್ಯಾಂಟೀನು, ಒಂದೇ ಮ್ಯಾನೇಜರನ ಬೈಗುಳ, ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನಾವು ಬೇಗ ಒಪ್ಪಿದೆವು. ಹುಡುಗನ ತಂದೆ ಸುಬ್ಬಾರಾವ್ ಒಪ್ಪಲಿಲ್ಲ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು, ಮಿತಭಾಷಿ, ಎಲ್ಲಕ್ಕಿಂತ ಮೊದಲು ಕಾಣುವಂಥ ಮೀಸೆ. ಬೇರೆ ಭಾಷೆ, ಬೇರೆ ಪದ್ಧತಿ, ಹುಡುಗಿ ನಮ್ಮ ಮನೆಗೆ ಹೊಂದಿಕೊಳ್ಳುವಳೋ ಇಲ್ಲವೋ ಎಂಬುದು ಅವರ ಚಿಂತೆ. ಬಹಳ ದಿನ ಕಾಯಿಸಿ ಕೊನೆಗೆ ಹೂಂ ಎಂದರು. ಆ ಹೂಂ ಕೂಡ ಮೀಸೆಯೊಳಗೇ ಉಳಿದು ಅರ್ಧ ಮಾತ್ರ ಹೊರಗೆ ಬಂದಿತ್ತು. ನನ್ನನ್ನು ಮೇಡಂಗಾರು ಎನ್ನುವರು, ನಮ್ಮವರನ್ನು ಸಾರ್ ಎನ್ನುವರು. ಬಂದರೆ ಎದ್ದು ನಿಲ್ಲುವರು, ಹೊರಟರೆ ಬಾಗಿಲವರೆಗೆ ಬರುವರು. ಬೈಯಲು ಒಂದು ಕಾರಣ ಸಿಗದಂಥ ಮರ್ಯಾದೆ. ಪಲ್ಲವಿಗೆ ಅದರದೇ ಭಯ.

"ಮಮ್ಮಿ, ಆಯಿ ಹಾಡೂದು ನಕ್ಕೋ, ಬ್ಯಾಡ," ಎಂದಳು ಒಂದು ದಿನ. ನೀಲಮ್ಮತ್ತೆಯನ್ನು ಅವಳು ಆಯಿ ಎಂದೇ ಕರೆಯುವುದು. "ಅವರ ಮನ್ಯಾಗ ಯಾರೂ ಜೋರಾಗಿ ಮಾತಾಡೂದೂ ಇಲ್ಲ. ಅಂಕಲ್ ಮೊದಲ ಮುಷ್ಕಿಲ್‌ನಿಂದ ಹೂಂ ಅಂದಾರ. ಆಯಿ ಅವರ ಮೀಸಿಗೆ ಏನರ ಅಂದ್ಳಂದ್ರ ನಾ ಆ ಮನ್ಯಾಗ ಹೆಂಗ ಕಾಲಿಡ್ಲಿ?"

ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನಾನು ಮಧ್ಯದ ದಾರಿ ಹುಡುಕಿದೆ. ಯಾರಿಗೂ ನೋಯದಂಥ ಒಂದು ಬೀಗರ ಹಾಡನ್ನು ನಾನೇ ಬರೆದೆ. ಬೀಗರು ಗುಣದಲ್ಲಿ ಸಾಗರ, ಬೀಗತಿ ಶಾಂತಿಯ ಆಗರ, ಅಳಿಯ ನೀತಿಯ ಡಂಗುರ. ಪ್ರತಿ ಸಾಲಿಗೂ ಪ್ರಾಸ, ಎರಡು ರೂಪಕ, ಒಂದು ದೃಷ್ಟಾಂತ. ಕುಷ್ಟಗಿಯಿಂದ ಬಂದಿಳಿದ ನೀಲಮ್ಮತ್ತೆಯ ಎದುರು ಕುಳಿತು ಓದಿದೆ. ಅವಳು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಕೇಳಿದಳು.

"ಯಾರು ಸತ್ತಾರವ್ವ?"

"ಯಾರೂ ಇಲ್ಲಲ್ಲ?"

"ಮತ್ತ ಇಷ್ಟು ಹೊಗಳೂದು ಸತ್ತವರನ್ನ ಅಲ್ಲೇನ? ಬೀಗರು ಚಲೋ ಜೀವಂತ ಅದಾರ, ಅವರ ಮ್ಯಾಲ ಇದನ್ನ ಹಾಡಬ್ಯಾಡ."

ಕಾರಣ ಹೇಳಿದೆ. ಪಲ್ಲವಿ ಅತ್ತದ್ದನ್ನೂ ಹೇಳಿದೆ. ಅತ್ತೆ ಸುಣ್ಣ ಹಚ್ಚಿದ ಎಲೆಯನ್ನು ಮಡಿಚಿದಳು. "ಆತ ಬಿಡವ್ವ. ಎಲಿ ಅಡಿಕಿ ಬಾಯಿ ತುಂಬ ತುಂಬಕೊಂಡು ಕುಂದರತೀನಿ. ಕೂಸಿಗೆ ತ್ರಾಸ ಆಗಬಾರದು," ಎಂದಳು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಮಗಳು ನನ್ನನ್ನು ಪೂರ್ತಿ ನಂಬಿರಲಿಲ್ಲ. ಮದುವೆಯ ಊಟಕ್ಕೆ ಬಫೆ ಏರ್ಪಡಿಸಿದ್ದಳು. ಬೀಗರ ಹಾಡನ್ನು ಕೊಂದದ್ದು ಸಿನಿಮಾ ಅಲ್ಲ, ಟೀವಿ ಅಲ್ಲ, ಈ ಬಫೆ. ಬೀಗರು ತಟ್ಟೆ ಹಿಡಿದು ಓಡಾಡತೊಡಗಿದರೆ ಯಾರಿಗೆ ಗುರಿ ಇಡುವುದು? ಒಂದು ಸಾಲು ಹೇಳುವಷ್ಟರಲ್ಲಿ ಅವರು ಪುಳಿಹೋರದ ಹತ್ತಿರ ಇರುತ್ತಾರೆ, ಎರಡನೇ ಸಾಲಿಗೆ ಐಸ್‌ಕ್ರೀಮಿನ ಹತ್ತಿರ. ಆದರೆ ಆ ಕಡೆಯ ಹಿರಿಯರೇ ನಮಗೆ ಮೊಣಕಾಲು ನೋವು, ನಿಂತು ಉಣ್ಣಲಾಗದು ಎಂದರು. ಅವರಿಗಾಗಿ ಮದುವೆ ಹಾಲಿನ ಒಂದು ಬದಿಗೆ ಮೇಜು ಹಾಕಿ ಬಾಳೆಲೆಯ ಒಂದು ಸಾಲು ಬಡಿಸಿದರು. ಸುಬ್ಬಾರಾವ್, ಅವರ ಹೆಂಡತಿ ಲಕ್ಷ್ಮಿಗಾರು, ಅವರ ನೆಂಟರು, ಸಾಲಿನ ತುದಿಯಲ್ಲಿ ಮದುಮಕ್ಕಳು. ನೀಲಮ್ಮತ್ತೆ ಕೊಟ್ಟ ಮಾತಿನಂತೆ ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡು ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತಿದ್ದಳು. ಹಾಡದೆ ಮುಗಿಯುತ್ತಿದ್ದ ಮೊದಲ ಮದುವೆ ಅವಳಿಗೆ ಅದು.

ಎಲ್ಲ ಸುಸೂತ್ರವಾಗಿತ್ತು. ನಾನು ಲಾಡು ಬಡಿಸುತ್ತಿದ್ದೆ. ಆಗ ಸುಬ್ಬಾರಾವ್ ತಲೆಯೆತ್ತಿ ನಮ್ಮವರಿಗೆ ಇಂಗ್ಲಿಷಿನಲ್ಲಿ, ಸಾರ್, ವ್ಯವಸ್ಥೆ ಬಹಳ ತೃಪ್ತಿಕರವಾಗಿದೆ, ಥ್ಯಾಂಕ್ಯೂ ಎಂದರು. ನಮ್ಮವರು ಗಾಬರಿಯಿಂದ ವೆಲ್‌ಕಮ್ ಸಾರ್ ಎಂದರು.

ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು. ನೀಲಮ್ಮತ್ತೆ. "ಏನಂದ್ರವ್ವ ಬೀಗರು?"

"ಥ್ಯಾಂಕ್ಯೂ ಅಂದ್ರು ಅತ್ತಿ."

"ಥ್ಯಾಂಕ್ಯೂ? ಬೀಗರು ಬೀಗರಿಗೆ ಥ್ಯಾಂಕ್ಯೂ ಅಂತಾರೇನ? ಇವರು ಸಂಬಂಧ ಮಾಡಾಕ ಬಂದಾರೋ, ಕಾಲುವಿ ಪಾಸ್ ಮಾಡಾಕ ಬಂದಾರೋ?"

ನಾನು ತಡೆಯುವಷ್ಟರಲ್ಲಿ ಅವಳು ಮೂಲೆಗೆ ಹೋಗಿ ಎಲೆ ಅಡಿಕೆ ಉಗುಳಿ ಬಂದಳು. ಹಾಲಿನ ಥಳಥಳ ಕಂಬಕ್ಕೆ ಒರಗಿ ಸೆರಗು ಸಿಕ್ಕಿಸಿದಳು. ಸಾಲಿನ ತುದಿಯಲ್ಲಿ ಪಲ್ಲವಿಯ ಮುಖ ಬಿಳುಪೇರಿತು. ನೀಲಮ್ಮತ್ತೆಯ ದನಿಗೆ ಅಷ್ಟು ವಯಸ್ಸಾಗಿದ್ದು ಆಗಲೇ ನನಗೆ ಗೊತ್ತಾದದ್ದು, ಆದರೂ ಅದು ಹಾಲಿನ ಕೊನೆಯವರೆಗೆ ಮುಟ್ಟಿತು.

"ಬಂದಾರ ಬೀಗರು ಬಂದಾರ ನೋಡವ್ವ
ಮೀಸಿ ಮುಂದ ಬಂತ, ಮಂದಿ ಹಿಂದ ಬಂತ
ಮೀಸಿಗೊಂದು ಬ್ಯಾರೆ ಎಲಿ ಹಾಕ್ರವ್ವ

ಲಾಡು ಕಂಡರ ಇವರ ಕಣ್ಣು ಹೊಳದಾವ
ತೆಂಗಿನ ತ್ವಾಟದ ಕೋತಿ ಬಂದಂಗ
ಕೈಗೊಂದು ಬಾಯಿಗೊಂದು ಬಗಲಾಗೊಂದವ್ವ"

ನಮ್ಮ ಕಡೆಯವರು ನಕ್ಕರು. ನಕ್ಕು, ಆ ಕಡೆಯವರು ನಗುತ್ತಿಲ್ಲ ಎಂದು ಕಂಡು ಅರ್ಧಕ್ಕೆ ನಿಲ್ಲಿಸಿದರು. ಕನ್ನಡ ಬಾರದಿದ್ದರೇನು, ತೆಲುಗಿನಲ್ಲೂ ಕೋತಿ ಕೋತಿಯೇ, ಮೀಸೆ ಮೀಸಮೇ. ಸುಬ್ಬಾರಾವ್ ಕೈಯಲ್ಲಿದ್ದ ಲಾಡನ್ನು ಎಲೆಯ ಮೇಲೆ ಇಟ್ಟರು. ನನ್ನ ಕಡೆ ತಿರುಗಿದರು.

"ಏಮಂಟುನ್ನಾರಂಡಿ ಆವಿಡ?" ಆಕೆ ಏನು ಹೇಳುತ್ತಿದ್ದಾರೆ ಎಂದು ಅವರು ಕೇಳಿದ್ದು ಮೆಲ್ಲಗೆ. ಆದರೆ ಇಡೀ ಸಾಲಿಗೆ ಕೇಳಿಸಿತು.

ಜಾಣ ಹೆಂಗಸಾಗಿದ್ದರೆ ಏನಿಲ್ಲ, ಹರಸುತ್ತಿದ್ದಾರೆ ಎಂದುಬಿಡುತ್ತಿದ್ದಳು. ಪಲ್ಲವಿ ಕಣ್ಣಲ್ಲೇ ಹಾಗೆನ್ನು ಎಂದು ಬೇಡುತ್ತಿದ್ದಳು. ಆದರೆ ಪದ್ಯ ಕೇಳಿ ಯಾರಾದರೂ ಪ್ರಶ್ನೆ ಹಾಕಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಲಾಡಿನ ಬುಟ್ಟಿಯನ್ನು ಹಾಜರಿ ಪುಸ್ತಕದ ಹಾಗೆ ಎದೆಗವಚಿಕೊಂಡು ಶುರುಮಾಡಿದೆ. ಮೀಸೆಗೆ ಬೇರೆ ಎಲೆ ಹಾಕಿ ಎನ್ನುವುದು ಅತಿಶಯೋಕ್ತಿ ಅಲಂಕಾರಂ ಅಂಡಿ, ಎಂದು ತೆಲುಗಿನಲ್ಲಿ ವಿವರಿಸಿದೆ.

"ಅತಿಶಯೋಕ್ತಿ?" ಎಂದರು ಸುಬ್ಬಾರಾವ್. ಸಣ್ಣಂದಿನ ಅಡ್ಡಹೆಸರನ್ನು ಯಾರೋ ಕೂಗಿದಂತೆ ಅವರ ಮುಖ ಬದಲಾಯಿತು. ಕಣ್ಣು ಮುಚ್ಚಿ ಅತಿಶಯೋಕ್ತಿಯ ಲಕ್ಷಣವನ್ನು ತೆಲುಗಿನಲ್ಲಿ ತಡೆಯಿಲ್ಲದೆ ಬಾಯಿಪಾಠ ಒಪ್ಪಿಸಿದರು. ಅವರೂ ಹಳ್ಳಿಯ ತೆಲುಗು ಶಾಲೆಯಲ್ಲಿ ಓದಿದವರು. ಅವರಿಗೂ ಒಬ್ಬ ಗುರಪ್ಪ ಮಾಸ್ತರರು ಇದ್ದಿರಬೇಕು, ಕೈಯೂ ಜೋರಿರಬೇಕು.

"ಮತ್ತೆ ಆ ಕೋತಿ?" ಎಂದರು.

"ಅದು ಉಪಮೆ."

"ಉಪಮಾನಂ ಕೋತಿ. ಸರಿ. ಉಪಮೇಯಂ ಎವರು?"

ಸಾಲಿನಲ್ಲಿ ಯಾರೂ ಅಗಿಯುತ್ತಿರಲಿಲ್ಲ. ಉಪಮೇಯ ಯಾರೆಂದು ಹೇಳದೆ ಬೇರೆ ದಾರಿಯಿರಲಿಲ್ಲ.

"ಮೀರೇನಂಡಿ," ಎಂದೆ. ನೀವೇ.

ನಮ್ಮವರು ತಲೆಯ ಮೇಲೆ ಕೈ ಹೊತ್ತುಕೊಂಡರು.

"ಸಮಾನಧರ್ಮಂ?"

"ಲಾಡು."

ಸುಬ್ಬಾರಾವ್ ತಮ್ಮ ಎಲೆಯನ್ನು ಪರಿಶೀಲಿಸಿದರು. ಎಡಗೈಯಿಂದ ತಮ್ಮ ಕಂಕುಳನ್ನೂ ಮುಟ್ಟಿ ನೋಡಿಕೊಂಡರು. "ಬಗಲಲ್ಲಿ ಲಾಡು ಇಲ್ಲ. ಆದ್ದರಿಂದ ಇದು ಶುದ್ಧ ಉಪಮೆ ಆಗುವುದಿಲ್ಲ. ಉಪಮೆಯೊಳಗೆ ಅತಿಶಯೋಕ್ತಿ ಬೆರೆತಿದೆ," ಎಂದರು. ನಾನು ಒಪ್ಪಲಿಲ್ಲ. 'ಬಂದಂಗ' ಎಂದು ವಾಚಕ ಇರುವಾಗ ಉಪಮೆಯೇ ಪ್ರಧಾನ ಎಂದೆ. ಅವರು ಕಾದು ಕಾದು, ಅಲ್ಲ ಅಲ್ಲ, ಎಂದು ತಲೆಯಾಡಿಸಿದರು. ನಾನು ಬುಟ್ಟಿ ಕೆಳಗಿಟ್ಟೆ. ಸಾರು ಬಡಿಸುವವನು ಬಕೆಟ್ಟು ಹಿಡಿದು ಇಬ್ಬರ ಮುಖವನ್ನೂ ನೋಡುತ್ತ ನಿಂತ. ನಮ್ಮವರು ಬೆವರುತ್ತಿದ್ದರು, ಲಕ್ಷ್ಮಿಗಾರು ಎಲೆ ನೋಡುತ್ತಿದ್ದರು. ಇವರಿಬ್ಬರೂ ಜಗಳವಾಡುತ್ತಿದ್ದಾರೋ ಪಾಠ ಮಾಡುತ್ತಿದ್ದಾರೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನಗಂತೂ ಎಷ್ಟೋ ವರ್ಷಗಳ ಮೇಲೆ ಹಬ್ಬವಾದಂತಿತ್ತು. ಕೊನೆಗೆ ನನ್ನ ದೊಡ್ಡ ಅಸ್ತ್ರ ತೆಗೆದೆ. ಬಿಡಿ ಅಲಂಕಾರ ಹೇಗಾದರೂ ಇರಲಿ, ಒಟ್ಟು ಹಾಡು ವ್ಯಾಜಸ್ತುತಿ, ಎಂದೆ.

ಅವರು ಯೋಚಿಸಿದರು. "ವ್ಯಾಜಸ್ತುತಿಯಲ್ಲಿ ಮೇಲೆ ನಿಂದೆ, ಒಳಗೆ ಸ್ತುತಿ ಇರಬೇಕು. ನಿಂದೆ ಕಾಣಿಸಿತು. ಸ್ತುತಿ ಎಕ್ಕಡುಂದಿ?"

ಹೊಗಳಿಕೆ ಎಲ್ಲಿದೆ? ಅವರು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು, ಸ್ವಲ್ಪ ನೊಂದೂ ಇದ್ದರು. ನಾನು ಹಾಡನ್ನು ಮನಸ್ಸಿನಲ್ಲೇ ತಿರುವಿ ಮುರುವಿ ನೋಡಿದೆ. ಮೀಸೆ, ಕೋತಿ, ಬಗಲು. ಸ್ತುತಿ ಎಲ್ಲೂ ಸಿಗಲಿಲ್ಲ. ಸಾವಿರಾರು ಪೇಪರು ತಿದ್ದಿದವಳಿಗೂ ಸಿಗಲಿಲ್ಲ. ಪಲ್ಲವಿ ತಲೆ ತಗ್ಗಿಸಿದ್ದಳು. ಆ ಅರ್ಧ ಹೂಂ ಎಲ್ಲಿ ಹಿಂದಕ್ಕೆ ಹೋಗುವುದೋ ಎಂದು ನನಗೆ ಈಗ ನಿಜವಾಗಿ ಭಯವಾಯಿತು.

"ಏನ ಕೇಳಾಕತ್ತಾರ?" ಎಂದಳು ನೀಲಮ್ಮತ್ತೆ ಕಂಬದ ಹತ್ತಿರದಿಂದ.

"ಬೈದದ್ದೇನೋ ತಿಳೀತಂತ. ಹೊಗಳಿಕಿ ಎಲ್ಲೈತಿ ಅಂತ ಕೇಳಾಕತ್ತಾರ."

"ಅದು ನಾ ಹಾಡಿದ್ರಾಗ ಎಲ್ಲಿರತೈತಿ? ಅವರು ಹೊಳ್ಳಿ ಹಾಡಿದ್ರ ಬರತೈತಿ ಅಂತ ಹೇಳು."

ಹೇಳಿದೆ. ಸುಬ್ಬಾರಾವ್ ತಮ್ಮವರ ಕಡೆ ನೋಡಿದರು. ಲಕ್ಷ್ಮಿಗಾರು ತಮ್ಮ ನಾದಿನಿಯ ಕಡೆ ನೋಡಿದರು, ನಾದಿನಿ ಅನ್ನದ ಕಡೆ ನೋಡಿದರು. ಅವರ ಕಡೆಯಲ್ಲೂ ಹಿಂದೆ ಹೀಗೆ ಹಾಡುತ್ತಿದ್ದರಂತೆ, ಹಾಡಲು ಬರುವವರು ಈಗ ಯಾರೂ ಉಳಿದಿರಲಿಲ್ಲ. ವೀಡಿಯೋದವನ ದೀಪ ಸಾಲಿನುದ್ದಕ್ಕೂ ಒಂದೊಂದೇ ಮುಖವನ್ನು ತಡವುತ್ತ ಹೋಯಿತು. ನೀಲಮ್ಮತ್ತೆ ಕಾಯುತ್ತ ನಿಂತಿದ್ದಳು. ಇಷ್ಟು ಮದುವೆಗಳಲ್ಲಿ ಅವಳ ಹಾಡು ಮರಳಿ ಬಾರದೆ ಹೋದದ್ದಿಲ್ಲ.

ದೀಪ ಸಾಲಿನ ತುದಿಗೆ ಬಂದಾಗ ಪಲ್ಲವಿ ಎದ್ದು ನಿಂತಳು. ಹಣೆಗೆ ಬಾಸಿಂಗ, ಎಂಜಲು ಕೈ. ಸಣ್ಣವಳಿದ್ದಾಗ ರಜೆಯೆಲ್ಲ ಆಯಿಯ ಮಗ್ಗುಲಲ್ಲಿ ಕಳೆದವಳು, ಆ ಧಾಟಿ ಅವಳಿಗೆ ಬರುತ್ತದೆ ಎಂದು ನನಗೆ ಮರೆತೇಹೋಗಿತ್ತು. ತನ್ನ ಮಾವನ ಕುರ್ಚಿಯ ಹಿಂದೆ ಹೋಗಿ ನಿಂತು, ನನ್ನನ್ನೇ ನೋಡುತ್ತ ಎತ್ತಿದಳು.

"ನಮ್ಮ ಬೀಗತಿ ಟೀಚರ ಕೇಳ್ರವ್ವ
ಉಪ್ಪಿಲ್ಲದ ಸಾರಿಗೆ ಉಪಮೆ ಹುಡುಕ್ಯಾಳ
ಹಾಲುಕ್ಕಿ ಹೋದರೂ ಅಲಂಕಾರ ಅಂದಾಳ
ಬೀಗರ ಎಲಿಮುಂದ ಪೇಪರ ತಿದ್ಯಾಳವ್ವ"

ಶ್ರೀಕಾಂತ ಪಕ್ಕದವರಿಗೆ ತೆಲುಗಿನಲ್ಲಿ ಹೇಳಿದ, ಅವರು ಅವರ ಪಕ್ಕದವರಿಗೆ ಹೇಳಿದರು. ನಗೆ ಆ ಸಾಲಿನುದ್ದಕ್ಕೂ ಬಂತು. ಲಕ್ಷ್ಮಿಗಾರು ಮೇಜು ಬಡಿದು ನಕ್ಕರು, ಅವರ ದನಿ ನಾನು ಕೇಳಿದ್ದು ಅದೇ ಮೊದಲು. ಸುಬ್ಬಾರಾವ್ ತಿರುಗಿ ಸೊಸೆಯನ್ನು ನೋಡಿದರು, ಅವಳು ನಿಂತ ಜಾಗವನ್ನು ನೋಡಿದರು. ಆಮೇಲೆ ಮೀಸೆಯ ಎರಡೂ ತುದಿ ಮೇಲಕ್ಕೆ ಹೋದವು.

"ಚೆಲ್ಲೆಮ್ಮಾ, ಇದಿ ಏ ಅಲಂಕಾರಂ?" ಎಂದರು. ಇದು ಯಾವ ಅಲಂಕಾರ ತಂಗೀ, ಎಂದು. ಮೇಡಂಗಾರು ಎಲ್ಲಿ ಹೋದಳೋ ಗೊತ್ತಿಲ್ಲ.

ಉಪ್ಪು ಹಾಕಲು ಮರೆತದ್ದು ನಿಜ. ರೇಡಿಯೋದ ಹಾಡಿಗೆ ಕಿವಿಗೊಟ್ಟು ಹಾಲು ಉಕ್ಕಿಸಿದ್ದೂ ನಿಜ. ಪೇಪರು ತಿದ್ದಿದ್ದಕ್ಕಂತೂ ಅವರೇ ಸಾಕ್ಷಿ.

"ಸ್ವಭಾವೋಕ್ತಿ," ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ ಶಾಸ್ತ್ರದಲ್ಲಿ ಆ ಹೆಸರು. ಅವರು ತಲೆ ಹಿಂದಕ್ಕೆ ಹಾಕಿ ನಕ್ಕರು. ಇಟ್ಟಿದ್ದ ಲಾಡನ್ನು ಮತ್ತೆ ಎತ್ತಿಕೊಂಡರು.

ನೀಲಮ್ಮತ್ತೆ ನನ್ನ ಪಕ್ಕಕ್ಕೆ ಬಂದಳು. "ಹಾಡ ಹೊಳ್ಳಿ ಬಂತ ನೋಡವ್ವ. ಈಗ ಹುಡುಗಿನ್ನ ಕೊಟ್ಟಂಗಾತು."

ಬೆಳಿಗ್ಗೆ ಧಾರೆಯ ಹೊತ್ತಿಗೆ ಎಲ್ಲರೂ ನಾನು ಅಳುವೆನೆಂದು ಕಾದಿದ್ದರು. ಅತ್ತಿರಲಿಲ್ಲ. ಮಂಗಳಾಷ್ಟಕದಲ್ಲಿ ಛಂದಸ್ಸು ತಪ್ಪುತ್ತಿದ್ದುದರ ಕಡೆ ಗಮನ ಹೋಗಿತ್ತು. ಈಗ ನನ್ನ ಮಗಳು ಆ ಕಡೆ ನಿಂತು ನನ್ನನ್ನು ನಮ್ಮ ಬೀಗತಿ ಎಂದು ಕರೆದಿದ್ದಳು. ಲಾಡಿನ ಬುಟ್ಟಿಯ ಪಕ್ಕದಲ್ಲಿ ನಿಂತು ಕೈಯೆಲ್ಲ ತುಪ್ಪವಾಗಿದ್ದರಿಂದ ಕಣ್ಣು ಒರೆಸಿಕೊಳ್ಳಲೂ ಬಾರದೆ ನಾನು ಅತ್ತುಬಿಟ್ಟೆ. ಬಹಳ ಸಂಕಟವಾಗಿತ್ತು, ಅಷ್ಟೇ ಸಂತೋಷವೂ ಆಗಿತ್ತು.

"ಅಳಬ್ಯಾಡ," ಎಂದು ಅತ್ತೆ ನನ್ನ ಮೊಣಕೈ ತಿವಿದಳು. "ಈಗ ನಿನ್ನ ಪಾಳಿ. ಹಾಡು."

"ನನಗ ಬರಂಗಿಲ್ಲ ಅತ್ತಿ. ನಾ ಅರ್ಥ ಹೇಳಾಕಿ."

"ಅರ್ಥ ಆಮ್ಯಾಲ ಹೇಳುವಂತಿ. ಬೀಗರು ಕಾಯಾಕತ್ತಾರ."

ನಿಜವಾಗಿಯೂ ಕಾಯುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಮಾವನ ಕುರ್ಚಿಯ ಹಿಂದೆ ನಿಂತ ಅವಳು. ಗಂಟಲು ಸರಿಮಾಡಿಕೊಂಡು, ಕಂಬಕ್ಕೆ ಒರಗಿ, ಜೀವನದಲ್ಲಿ ಮೊದಲ ಸಲ ನಾನು ಎತ್ತಿದೆ.

"ಬೀಗರ ಸೊಸಿ ಭಾಳ ಜಾಣಿ ನೋಡ್ರವ್ವ
ಕಂಪ್ಯೂಟರಿಗೆಲ್ಲ ಬುದ್ಧಿ ಹೇಳತಾಳ
ಚಹಾ ಕಾಸಂದ್ರ ಗ್ಯಾಸ ಎಲ್ಲೈತಂತಾಳ
ಹೊಳ್ಳಿ ನಮ್ಮನಿಗೆ ಕಳಿಸಬ್ಯಾಡ್ರವ್ವ"

ಅಲ್ಲಿಗೇ ನಿಲ್ಲಿಸಬೇಕಿತ್ತು. ಧಾಟಿ ಅಲ್ಲಿಗೆ ಮುಗಿದಿತ್ತು. ಆದರೆ ಇನ್ನೊಂದು ಸಾಲು ತಾನಾಗಿ ಹೊರಗೆ ಬಂತು.

"ಕಳಿಸಿದ್ರ ನಾ ಬ್ಯಾಡ ಅನ್ನಂಗಿಲ್ಲ."

ಪ್ರಾಸ ಕೂಡಲಿಲ್ಲ.